ಹಳೆಯ ವಾಹನಗಳಲ್ಲಿ ಬ್ರೇಕ್ ದ್ರವದ ಇಳಿಕೆ: ಪತ್ತೆ ಮತ್ತು ದುರಸ್ತಿ

ಬ್ರೇಕ್ ದ್ರವ ಎಂದರೆ ಪೆಡಲ್ ತುಳಿದಾಗ ಉಂಟಾಗುವ ಒತ್ತಡವನ್ನು ಕೊಳವೆಗಳ ಮೂಲಕ ಗಾಲಿಗಳ ಬ್ರೇಕಿಗೆ ಮುಟ್ಟಿಸುವ ದ್ರವ. ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದೇ ರೂಢಿ. ಇಂಜಿನ್ ಆಯಿಲ್ ಸ್ವಲ್ಪಸ್ವಲ್ಪವಾಗಿ ಉರಿದು ಕಡಿಮೆಯಾಗುತ್ತದೆ, ರೇಡಿಯೇಟರಿನ ನೀರು ಆವಿಯಾಗುತ್ತದೆ. ಬ್ರೇಕ್ ದ್ರವಕ್ಕೆ ಹಾಗೆ ಖರ್ಚಾಗುವ ದಾರಿಯಿಲ್ಲ. ಅದು ಮುಚ್ಚಿದ ವ್ಯವಸ್ಥೆಯೊಳಗೆ ಅತ್ತಿತ್ತ ಸರಿಯುತ್ತದೆ, ಅಷ್ಟೆ. ಹಾಗಾಗಿ ದ್ರವ ತುಂಬಿಡುವ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಒಂದೋ ಸವೆದ ಪ್ಯಾಡು ಬಿಟ್ಟುಕೊಟ್ಟ ಜಾಗಕ್ಕೆ ದ್ರವ ಸರಿದಿದೆ, ಇಲ್ಲವೇ ಎಲ್ಲೋ ಸೋರಿದೆ. ಹದಿನೈದು ವರ್ಷ ದಾಟಿದ ವಾಹನದಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿರುವುದು ಅಪರೂಪವಲ್ಲ. ಇಳಿದಷ್ಟನ್ನು ಸುರಿದು ಮುಚ್ಚಳ ಬಿಗಿದರೆ ದೋಷದ ಗುರುತು ಅಳಿಸುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಭಾರತದ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಹಗುರ ವಾಹನಗಳಿಗೆ ಅನ್ವಯಿಸುತ್ತದೆ: ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ 2014ರವರೆಗೆ ತಯಾರಾದ ಅಂಬಾಸಿಡರ್, ಫಿಯಟ್ 1100ರ ಸಂತತಿಯಾದ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮಾರುತಿ 800, ಮಹೀಂದ್ರ ಜೀಪುಗಳು. ದೊಡ್ಡ ಲಾರಿ ಬಸ್ಸುಗಳದು ಗಾಳಿಯ ಬ್ರೇಕು. ಅವುಗಳ ಕಾಯಿಲೆಗಳೇ ಬೇರೆ.

ರಚನೆ

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮವೇ ಈ ವ್ಯವಸ್ಥೆಯ ತಳಹದಿ. ಚಾಲಕ ಪೆಡಲಿನ ಮೇಲೆ 25 ಕಿಲೊ ಭಾರ ಹಾಕಿದನೆನ್ನಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ, ದ್ರವವನ್ನು ಕೊಳವೆಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 125 ಕಿಲೊ ಬೀಳುತ್ತದೆ. ಆ ಪಿಸ್ಟನ್ನಿನ ವ್ಯಾಸ 20.6 ಮಿ.ಮೀ. ಇದ್ದರೆ ಕೊಳವೆಯೊಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 37 ಕಿಲೊ ಆಸುಪಾಸು. ಅದೇ ಒತ್ತಡ ಗಾಲಿಯ ಬಳಿ 48 ಮಿ.ಮೀ. ವ್ಯಾಸದ ಕ್ಯಾಲಿಪರ್ ಪಿಸ್ಟನ್ನಿಗೆ ತಾಗಿದಾಗ 650 ಕಿಲೊಗೂ ಹೆಚ್ಚಿನ ಬಲವಾಗಿ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಸಣ್ಣ ಕಾರಿನಲ್ಲಿ ಸಾಧಾರಣವಾಗಿ ಬ್ರೇಕ್ ಹಿಡಿದಾಗಲೇ ಇಷ್ಟು. ಪಿಸ್ಟನ್ ದಾಟಿ ದ್ರವ ಸೋರದಂತೆ ತಡೆಯುವ ರಬ್ಬರ್ ಕಪ್ಪು, ನಿಂತ ಗಾಡಿಯಲ್ಲಿ ಒಂದು ಹನಿಯೂ ಕಾಣಿಸದಿದ್ದರೂ, ಈ ಒತ್ತಡದಲ್ಲಿ ಜಿನುಗುವುದಕ್ಕೆ ಕಾರಣವೂ ಇದೇ.

ದ್ರವದ ಡಬ್ಬಿ ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೆ, ಮಾಸ್ಟರ್ ಸಿಲಿಂಡರಿನ ಮೇಲೆಯೇ ಕೂತಿರುತ್ತದೆ. ಎಲ್ಲ ಹಳೆಯ ಗಾಡಿಗಳಲ್ಲೂ ಹಾಗಲ್ಲ. ಮಾರಿಸ್ ಮೈನರ್ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ನೆಲದ ಕೆಳಗಿದೆ. ಕಾರ್ಪೆಟ್ ಎತ್ತಿ, ಸಣ್ಣ ಮುಚ್ಚಳ ಬಿಚ್ಚಿ ನೋಡಬೇಕು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇಂಜಿನ್ ಹಿಂದಿರುವುದರಿಂದ ಡಬ್ಬಿ ಮುಂದಿನ ಸಾಮಾನಿನ ಗೂಡಿನೊಳಗೆ ಸೇರಿಕೊಂಡಿದೆ. ಹೀಗೆ ಕಣ್ಣಿಗೆ ಬೀಳದ ಡಬ್ಬಿಗಳೇ ಬರಿದಾಗುವವರೆಗೂ ಯಾರ ಗಮನಕ್ಕೂ ಬಾರದೆ ಉಳಿಯುತ್ತವೆ.

ಅಂಬಾಸಿಡರ್ ಮತ್ತು ಪದ್ಮಿನಿಯ ಹಳೆಯ ಮಾದರಿಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಕೊಠಡಿಯ ಮಾಸ್ಟರ್ ಸಿಲಿಂಡರು. ಎಲ್ಲಿ ಒಂದು ಹೋಸ್ ಒಡೆದರೂ ನಾಲ್ಕು ಗಾಲಿಗಳ ಬ್ರೇಕೂ ಹೋದಂತೆಯೇ. ಇದನ್ನು ತಪ್ಪಿಸಲೆಂದು ಬಂದದ್ದು ಎರಡು ಕೊಠಡಿಗಳ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ಬೇರೆ ದೇಶಗಳಿಗೆ ನಿಧಾನವಾಗಿ ಹಬ್ಬಿತು. ಟ್ಯಾಂಡಮ್ ಇರುವ ಗಾಡಿಯಲ್ಲಿ ಒಂದು ಕವಲು ಸೋರಿಹೋದರೂ ಉಳಿದೆರಡು ಗಾಲಿ ಹಿಡಿಯುತ್ತವೆ, ಪೆಡಲ್ ಮಾತ್ರ ಬಹಳ ಕೆಳಕ್ಕಿಳಿಯುತ್ತದೆ. ಹ್ಯಾಂಡ್‌ಬ್ರೇಕಿಗೆ ದ್ರವದ ಹಂಗಿಲ್ಲ. ಅದು ಕೇಬಲ್ಲಿನಿಂದ ಎಳೆಯುವಂಥದ್ದು. ಡಬ್ಬಿ ಪೂರ್ತಿ ಖಾಲಿಯಾಗಿದ್ದರೂ ಹಿಂದಿನ ಗಾಲಿಗಳನ್ನು ಹಿಡಿಯಬಲ್ಲದು.

ಇತಿಹಾಸ

ಕಾರುಗಳ ಮೊದಲ ಬ್ರೇಕುಗಳು ಸರಳು, ಕೇಬಲ್ಲುಗಳಿಂದ ಎಳೆಯುವಂಥವು. ನಾಲ್ಕು ಗಾಲಿಯೂ ಒಂದೇ ಸಮ ಹಿಡಿಯುವಂತೆ ಅವನ್ನು ಹೊಂದಿಸುವುದೇ ದೊಡ್ಡ ಕೆಲಸವಾಗಿತ್ತು. ಮುಂದೆ ಲಾಕ್‌ಹೀಡ್ ಎಂಬ ಹೆಸರಿನಲ್ಲಿ ಖ್ಯಾತನಾದ ಅಮೆರಿಕದ ಮಾಲ್ಕಮ್ ಲಾಹೆಡ್ ದ್ರವದ ಬ್ರೇಕನ್ನು ರೂಪಿಸಿದ. 1921ರ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರು ನಾಲ್ಕೂ ಗಾಲಿಗೆ ಅದನ್ನು ಅಳವಡಿಸಿಕೊಂಡು ಮಾರುಕಟ್ಟೆಗೆ ಬಂತು. ಆದರೆ ಡ್ಯೂಸೆನ್‌ಬರ್ಗ್ ಸಿರಿವಂತರ ಗಾಡಿ. ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಅದನ್ನು ಕೊಟ್ಟದ್ದು 1924ರ ಕ್ರೈಸ್ಲರ್. ಆರಂಭದ ಚರ್ಮದ ಸೀಲುಗಳು ಸೋರುತ್ತಿದ್ದವು. ಕ್ರೈಸ್ಲರಿನ ಎಂಜಿನಿಯರುಗಳು ಅವುಗಳ ಜಾಗಕ್ಕೆ ರಬ್ಬರ್ ಕಪ್ಪುಗಳನ್ನು ತಂದ ಮೇಲೆಯೇ ಈ ಬ್ರೇಕು ನಂಬಿಕೆ ಗಳಿಸಿತು. ಫೋರ್ಡ್ ಸರಳಿನ ಬ್ರೇಕಿಗೇ ಅಂಟಿಕೊಂಡಿದ್ದು 1939ರ ಮಾದರಿಗಳಲ್ಲಿ ದಾರಿ ಬದಲಿಸಿತು. ಸೋರಿಕೆಯೆಂಬುದು ಹೀಗೆ ಈ ತಂತ್ರದ ಜೊತೆಗೇ ಹುಟ್ಟಿದ ಸಮಸ್ಯೆ. ನೂರು ವರ್ಷಗಳ ಸುಧಾರಣೆಯೆಲ್ಲ ಬಹುಮಟ್ಟಿಗೆ ರಬ್ಬರಿನ ಸುತ್ತಲೇ ನಡೆದಿದೆ.

ಆಗಿನ ದ್ರವ ಹರಳೆಣ್ಣೆ ಮತ್ತು ಆಲ್ಕೊಹಾಲಿನ ಮಿಶ್ರಣ. ಸಹಜ ರಬ್ಬರನ್ನು ಹರಳೆಣ್ಣೆ ಕೆಡಿಸುವುದಿಲ್ಲ, ಜಾರುಗುಣವನ್ನೂ ಕೊಡುತ್ತದೆ. ಡಿಸ್ಕ್ ಬ್ರೇಕು ಬಂದು ಕಾವು ಏರಿದ ಮೇಲೆ ಹೆಚ್ಚು ಉಷ್ಣ ತಾಳುವ ಗ್ಲೈಕಾಲ್ ದ್ರವಗಳು, ಅವಕ್ಕೆ ಹೊಂದುವ ಕೃತಕ ರಬ್ಬರು ಬಂದವು. ಬ್ರೇಕಿನ ರಬ್ಬರ್ ಭಾಗಗಳಿಗೆ ಸವರುವ ಕೆಂಪು ಗ್ರೀಸಿನಲ್ಲಿ ಹರಳೆಣ್ಣೆ ಇಂದಿಗೂ ಉಳಿದುಕೊಂಡಿದೆ.

ಮಟ್ಟ ಏಕೆ ಇಳಿಯುತ್ತದೆ

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಸವೆದಂತೆಲ್ಲ ಪಿಸ್ಟನ್ ಮುಂದೆ ಬಂದು ನಿಲ್ಲುತ್ತದೆ, ಅದರ ಬೆನ್ನ ಹಿಂದಿನ ಜಾಗಕ್ಕೆ ದ್ರವ ತುಂಬಿಕೊಳ್ಳುತ್ತದೆ. ಮೇಲೆ ಹೇಳಿದ 48 ಮಿ.ಮೀ. ಪಿಸ್ಟನ್ನಿನ ಲೆಕ್ಕವನ್ನೇ ಮುಂದುವರಿಸಿದರೆ, ಎರಡು ಪ್ಯಾಡುಗಳೂ ತಲಾ 8 ಮಿ.ಮೀ. ಸವೆಯುವ ಹೊತ್ತಿಗೆ ಒಂದು ಗಾಲಿ 29 ಮಿ.ಲೀ. ದ್ರವವನ್ನು ಎಳೆದುಕೊಂಡಿರುತ್ತದೆ, ಮುಂದಿನ ಎರಡೂ ಗಾಲಿ ಸೇರಿ 58 ಮಿ.ಲೀ. ಡಬ್ಬಿಯ ಮೇಲ್ಗೆರೆಯಿಂದ ಕೆಳಗೆರೆಯವರೆಗೆ ಬಿಟ್ಟಿರುವ ಅಂತರ ಮುಖ್ಯವಾಗಿ ಈ ಸವೆತಕ್ಕೆ ಮೀಸಲು. ಅಂದರೆ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿದು ಕೆಳಗೆರೆಯ ಹತ್ತಿರ ಬಂದದ್ದು ಪ್ಯಾಡು ಮುಗಿಯುತ್ತಿದೆ ಎಂಬ ಸೂಚನೆ. ಹಾಗಿರುವಾಗ ದ್ರವ ಸುರಿದು ಮೇಲ್ಗೆರೆಗೆ ತಂದರೆ ಇನ್ನೊಂದು ಪೇಚು ಕಾದಿದೆ: ಹೊಸ ಪ್ಯಾಡು ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದೊಡನೆ ಅಷ್ಟೂ ದ್ರವ ಮರಳಿ ಬಂದು ಡಬ್ಬಿಯಿಂದ ಉಕ್ಕಿ, ಬಿದ್ದ ಜಾಗದ ಪೇಂಟನ್ನು ಎಬ್ಬಿಸುತ್ತದೆ.

ಡ್ರಮ್ ಬ್ರೇಕಿನ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಚಿಕ್ಕದು. ಶೂಗಳನ್ನು ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ, ಸವೆತವನ್ನು ಅಡ್ಜಸ್ಟರ್ ತಿರುಗಿಸಿ ಸರಿದೂಗಿಸುತ್ತಾರೆ. 19 ಮಿ.ಮೀ. ಸಿಲಿಂಡರಿನಲ್ಲಿ ಎರಡೂ ಪಿಸ್ಟನ್ ಮೂರ್ನಾಲ್ಕು ಮಿ.ಮೀ. ಮುಂದೆ ಸರಿದರೂ ಒಂದು ಗಾಲಿಗೆ ಎರಡು ಮಿ.ಲೀ. ಆಸುಪಾಸು ಮಾತ್ರ. ಆದ್ದರಿಂದ ನಾಲ್ಕೂ ಡ್ರಮ್ ಇರುವ ಪದ್ಮಿನಿಯಲ್ಲೋ ಹಳೆಯ ಅಂಬಾಸಿಡರಿನಲ್ಲೋ ಮಟ್ಟ ಎದ್ದುಕಾಣುವಷ್ಟು ಇಳಿದಿದ್ದರೆ ಅದನ್ನು ಸೋರಿಕೆಯೆಂದೇ ಹಿಡಿದು ಹುಡುಕಬೇಕು. ‘ಲೈನರ್ ಸವೆದಿರಬೇಕು ಬಿಡಿ’ ಎಂಬ ಸಮಾಧಾನ ಮುಂದೆ ಡಿಸ್ಕ್ ಇರುವ ಮಾರುತಿಗೆ ಒಪ್ಪೀತು, ಪದ್ಮಿನಿಗೆ ಒಪ್ಪದು.

ಮೂರನೆಯ ದಾರಿಯೊಂದಿದೆ; ಅದನ್ನು ಮರೆಯುವವರೇ ಹೆಚ್ಚು. ಕೆಲವು ಕಾರುಗಳಲ್ಲಿ ಕ್ಲಚ್ಚೂ ದ್ರವದಿಂದಲೇ ನಡೆಯುತ್ತದೆ ಮತ್ತು ಅದೇ ಡಬ್ಬಿಯನ್ನು ಹಂಚಿಕೊಳ್ಳುತ್ತದೆ. ನಾಲ್ಕು ಗಾಲಿ ಬಿಚ್ಚಿ ನೋಡಿದರೂ ಒದ್ದೆ ಕಾಣದಿದ್ದರೆ ಗೇರ್‌ಬಾಕ್ಸಿನ ಪಕ್ಕದ ಕ್ಲಚ್ ಸಿಲಿಂಡರನ್ನು ನೋಡಬೇಕು. ಇಂಥ ಡಬ್ಬಿಯಲ್ಲಿ ಕ್ಲಚ್ಚಿನ ಕೊಳವೆಯನ್ನು ಬೇಕೆಂದೇ ಮೇಲ್ಮಟ್ಟದಲ್ಲಿ ಜೋಡಿಸಿರುತ್ತಾರೆ. ಕ್ಲಚ್ ಎಷ್ಟೇ ಸೋರಿದರೂ ಬ್ರೇಕಿನ ಪಾಲು ತಳದಲ್ಲಿ ಉಳಿಯುತ್ತದೆ.

ಪತ್ತೆ

ಸಮತಟ್ಟಾದ ನೆಲದಲ್ಲಿ, ತಣ್ಣಗಿರುವ ಗಾಡಿಯಲ್ಲಿ ಮಟ್ಟ ನೋಡಬೇಕು. ಬಿಳಿ ಪ್ಲಾಸ್ಟಿಕ್ ಡಬ್ಬಿ ವರ್ಷಗಳು ಕಳೆದಂತೆ ಹಳದಿ ತಿರುಗಿ, ಒಳಗಿನ ದ್ರವದ ಗೆರೆ ಯಾವುದು ಹಳೆಯ ಕಲೆ ಯಾವುದು ಎಂದು ತಿಳಿಯದಂತಾಗುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು, ಗಾಡಿಯನ್ನು ಬದಿಯಿಂದ ಮೆಲ್ಲಗೆ ಅಲುಗಿಸಿದರೆ ದ್ರವ ತುಳುಕುವುದು ಕಾಣುತ್ತದೆ. ಮುಚ್ಚಳ ತೆಗೆಯುವುದಾದರೆ ಮೊದಲು ಸುತ್ತಲ ಧೂಳು ಒರೆಸಬೇಕು, ನೋಡಿದ ಕೂಡಲೇ ಮುಚ್ಚಬೇಕು. ಟ್ಯಾಂಡಮ್ ಸಿಲಿಂಡರಿನ ಡಬ್ಬಿಯೊಳಗೆ ನಡುಗೋಡೆ ಇರುತ್ತದೆ. ಯಾವ ಕೋಣೆಯಲ್ಲಿ ಇಳಿದಿದೆ ಎಂಬುದು ಯಾವ ಕವಲು ಸೋರುತ್ತಿದೆ ಎಂಬುದನ್ನು ಹೇಳಿಕೊಡುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪ ಅನೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ದ್ರವದ ಮಟ್ಟಕ್ಕೂ ಒಂದೇ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ್ದರೂ ತಿರುವಿನಲ್ಲಿ, ಇಳಿಜಾರಿನಲ್ಲಿ ಅಥವಾ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ದೀಪ ಮಿಣುಕಿ ಆರಿದರೆ ದ್ರವ ಕೆಳಗೆರೆಯ ಹತ್ತಿರ ತುಳುಕಾಡುತ್ತಿದೆ, ಡಬ್ಬಿಯ ತೇಲುಗುಂಡು ಏರಿಳಿಯುತ್ತಿದೆ ಎಂದರ್ಥ. ದೀಪವೇ ಇಲ್ಲದ ಗಾಡಿಗಳೂ ಇವೆ. ವೈರು ತುಂಡಾಗಿ ದೀಪ ಸತ್ತಿರುವ ಗಾಡಿಗಳು ಅವಕ್ಕಿಂತ ಹೆಚ್ಚು. ಇಗ್ನಿಷನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಾಗ ಹತ್ತದ ದೀಪವನ್ನು ಬೇರೆ ಹೊತ್ತಿನಲ್ಲಿ ನಂಬುವುದು ಹೇಗೆ?

ಪೆಡಲಿಗೂ ಭಾಷೆಯುಂಟು. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಮೊದಲ ತುಳಿತಕ್ಕೆ ಕೆಳಗೆ ಹೋಗಿ, ಎರಡು ಮೂರು ಸಲ ಪಂಪು ಹೊಡೆದಾಗ ಗಟ್ಟಿಯಾಗಿ ಮೇಲೆ ಬಂದರೆ ಹೆಚ್ಚಾಗಿ ಡ್ರಮ್ ಅಡ್ಜಸ್ಟ್‌ಮೆಂಟ್ ಸಡಿಲವಾಗಿದೆ. ಕಾಲನ್ನು ಒಂದೇ ಸಮ ಒತ್ತಿ ಹಿಡಿದರೆ ನಿಧಾನವಾಗಿ ನೆಲದತ್ತ ಇಳಿಯುವ ಪೆಡಲ್ ಎಲ್ಲಕ್ಕಿಂತ ಕೆಟ್ಟದ್ದು: ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು ದ್ರವ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಎರಡನೆಯದರಲ್ಲಿ ಡಬ್ಬಿಯ ಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಮಟ್ಟ ಸರಿಯಿದೆಯೆಂದು ಬ್ರೇಕು ಸರಿಯಿದೆ ಎನ್ನಲಾಗದು.

ಒದ್ದೆಯನ್ನು ಹುಡುಕುವಾಗ ಅದು ಯಾವುದರ ಒದ್ದೆ ಎಂದು ಮೊದಲು ತೀರ್ಮಾನಿಸಬೇಕು. ಹಿಂದಿನ ಗಾಲಿಯ ಡ್ರಮ್ಮಿನೊಳಗೆ ಆಕ್ಸಲ್ಲಿನ ಗೇರ್ ಆಯಿಲ್ಲೂ ಬಂದು ಸೇರುವುದುಂಟು. ಗ್ಲೈಕಾಲ್ ಬ್ರೇಕ್ ದ್ರವ ತೆಳು, ನೀರಿನಲ್ಲಿ ಬೆರೆಯುತ್ತದೆ. ಗೇರ್ ಆಯಿಲ್ ಮಂದ, ಗಂಧಕದ ವಾಸನೆಯದು. ಬಟ್ಟಲು ನೀರಿಗೆ ಹನಿಸಿದರೆ ಮೇಲೆ ಬಣ್ಣದ ಪೊರೆ ಕಟ್ಟಿ ತೇಲುತ್ತದೆ. ಇದಕ್ಕಿಂತ ಅಗ್ಗದ ಪ್ರಯೋಗಾಲಯ ಬೇಕಿಲ್ಲ.

ವೀಲ್ ಸಿಲಿಂಡರ್ ಸೋರುತ್ತಿದ್ದರೆ ಟಯರಿನ ಒಳಮೈ ಮತ್ತು ಬ್ಯಾಕಿಂಗ್ ಪ್ಲೇಟಿನ ಕೆಳಅಂಚಿನಲ್ಲಿ ಧೂಳು ಅಂಟಿದ ಕಪ್ಪು ಗೆರೆ ಕಾಣುತ್ತದೆ. ಡ್ರಮ್ ತೆಗೆದು ಸಿಲಿಂಡರಿನ ತುದಿಯ ರಬ್ಬರ್ ಟೋಪಿಯ ಅಂಚನ್ನು ಸ್ವಲ್ಪ ಎತ್ತಿ ನೋಡಬೇಕು. ಒಳಗೆ ಬರಿಯ ತೇವವಿದ್ದರೆ ಸೋರಿಕೆ ಆರಂಭವಾಗುತ್ತಿದೆ; ದ್ರವ ನಿಂತಿದ್ದರೆ ರಬ್ಬರ್ ಕಪ್ಪು ಹೋಗಿದೆ. ಕೆಂಪು ಹುಡಿ ಕಂಡರೆ ನೀರು ಸೇರಿದ ಹಳೆಯ ದ್ರವ ಸಿಲಿಂಡರನ್ನು ತುಕ್ಕಿಗೆ ಕೊಟ್ಟಿದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬಾರದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ತೆಗೆಯಬೇಕು.

ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ಸೋರುವುದು ಕಪಟದ ಸೋರಿಕೆ. ಪೆಡಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಇಲ್ಲದ ಗಾಡಿಯಾದರೆ ದ್ರವ ಪುಶ್‌ರಾಡ್ ಹಿಡಿದು ಪೆಡಲಿನ ಮೇಲೆ, ಕಾರ್ಪೆಟ್ಟಿಗೆ ಇಳಿಯುತ್ತದೆ. ಕಾಲಡಿ ಜಿಡ್ಡಾದಾಗ ಗೊತ್ತಾಗುತ್ತದೆ. ವ್ಯಾಕ್ಯೂಮ್ ಬೂಸ್ಟರ್ ಇದ್ದರೆ ದ್ರವ ಅದರ ಹೊಟ್ಟೆಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಬೀಳದು. ಕೆಲವೊಮ್ಮೆ ಇಂಜಿನ್ ಅದನ್ನು ವ್ಯಾಕ್ಯೂಮ್ ಪೈಪಿನಲ್ಲಿ ಹೀರಿಕೊಂಡು ಸೈಲೆನ್ಸರಿನಲ್ಲಿ ಬಿಳಿ ಹೊಗೆಯಾಗಿ ಬಿಡುತ್ತದೆ. ಮಟ್ಟ ಇಳಿಯುತ್ತಿದೆ, ಗಾಲಿಗಳೆಲ್ಲ ಒಣಗಿವೆ ಎಂದಾಗ ಸಿಲಿಂಡರಿನ ನಟ್ಟು ಸಡಿಲಿಸಿ ಬೂಸ್ಟರಿನಿಂದ ಸ್ವಲ್ಪ ಮುಂದಕ್ಕೆಳೆದು ಸಂದಿನಲ್ಲಿ ಬೆರಳಾಡಿಸಬೇಕು. ಬೂಸ್ಟರಿನ ಮೈಮೇಲೆ ಸಿಲಿಂಡರಿನ ಕೆಳಗೆ ಪೇಂಟು ಸುಕ್ಕುಗಟ್ಟಿ ಎದ್ದಿದ್ದರೆ ಅದೂ ಸಾಕ್ಷಿಯೇ.

ಕಬ್ಬಿಣದ ಪೈಪು ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುವ ಬಯಲಿನಲ್ಲಲ್ಲ, ಕ್ಲಿಪ್ಪಿನ ಅಡಿಯಲ್ಲಿ, ಕೆಸರು ಕೂತ ಹಿಂದಿನ ಆಕ್ಸಲ್ಲಿನ ಮೇಲೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಓಡಿದ ಗಾಡಿಗೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಘಟ್ಟದ ಮೇಲಿನವರು ಅಲ್ಲಿಂದ ಹಳೆಯ ಕಾರು ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಡಿಭಾಗದ ಈ ಪೈಪುಗಳನ್ನು. ರಬ್ಬರ್ ಹೋಸನ್ನು ಬಾಗಿಸಿ ಬಿರುಕು ನೋಡಬೇಕು, ಇನ್ನೊಬ್ಬರು ಪೆಡಲ್ ತುಳಿದಾಗ ಉಬ್ಬುತ್ತದೆಯೇ ಎಂದೂ ನೋಡಬೇಕು. ಹೊರಗೆ ಚೆನ್ನಾಗಿದ್ದು ಒಳಪದರ ಕುಸಿದ ಹೋಸು ದ್ರವವನ್ನು ಹೋಗಲು ಬಿಟ್ಟು ಮರಳಲು ಬಿಡುವುದಿಲ್ಲ. ಆ ಗಾಲಿ ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇದ್ದು ಕಾಯುತ್ತದೆ.

ದ್ರವದ ಆಯ್ಕೆ

ಯಾವ ದ್ರವ ಎಂಬುದನ್ನು ಡಬ್ಬಿಯ ಮುಚ್ಚಳ ಹೇಳುತ್ತದೆ. ಲೋಕದಾದ್ಯಂತ ಬಳಕೆಯಲ್ಲಿರುವ ಡಾಟ್ ಶ್ರೇಣಿ ಅಮೆರಿಕದ ಸಾರಿಗೆ ಇಲಾಖೆಯದು. ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಇದು ಹೊಸ ದ್ರವದ ಮಾತು. ಗ್ಲೈಕಾಲ್ ನೀರನ್ನು ಹೀರುತ್ತದೆ. ಹೋಸಿನ ರಬ್ಬರಿನ ಮೂಲಕ, ಮುಚ್ಚಳದ ಗಾಳಿರಂಧ್ರದ ಮೂಲಕ ತೇವ ಒಳಬರುತ್ತಲೇ ಇರುತ್ತದೆ. ಸುಮಾರು 3.7 ಶೇಕಡ ನೀರು ಸೇರಿದಾಗ ಅವೇ ಮಿತಿಗಳು 140 ಮತ್ತು 155 ಡಿಗ್ರಿಗೆ ಕುಸಿಯುತ್ತವೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಂಥ ಘಟ್ಟಗಳನ್ನು ಬ್ರೇಕಿನ ಮೇಲೆಯೇ ಇಳಿದರೆ ಆ ಕಾವು ಮುಟ್ಟುವುದು ಕಷ್ಟವಲ್ಲ. ದ್ರವ ಕುದ್ದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮರಳುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂಬ ಸಾಮಾನ್ಯ ಸೂಚನೆಯ ಹಿಂದಿರುವುದು ಇದೇ. ಮಳೆಗಾಲ ಉದ್ದವಾದ ಮಲೆನಾಡಿನಲ್ಲಿ ಅದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಘಟ್ಟ ಇಳಿಯುವಾಗ ಹತ್ತಲು ಬಳಸುವ ಗೇರಿನಲ್ಲೇ ಇಳಿಯಬೇಕೆಂಬ ಚಾಲಕರ ಹಳೆಯ ಪಾಠ ದ್ರವವನ್ನೂ ಕಾಯುತ್ತದೆ.

ಡಾಟ್ 3 ಮತ್ತು ಡಾಟ್ 4 ಒಂದರೊಡನೊಂದು ಬೆರೆಯುತ್ತವೆ. ಡಾಟ್ 5 ಹಾಗಲ್ಲ. ಅದು ಸಿಲಿಕೋನ್, ನೀರು ಹೀರದು, ಗ್ಲೈಕಾಲಿನೊಡನೆ ಸೇರದು. ಪೇಂಟು ಕೆಡಿಸುವುದಿಲ್ಲವೆಂದು ವಿಂಟೇಜ್ ಕಾರಿನ ಕೆಲವು ಮಾಲೀಕರು ಅದನ್ನು ಮೆಚ್ಚುತ್ತಾರೆ, ಆದರೆ ಹಾಕುವ ಮುನ್ನ ವ್ಯವಸ್ಥೆಯನ್ನು ಪೂರ್ತಿ ಬರಿದು ಮಾಡಿ ರಬ್ಬರುಗಳನ್ನೂ ಬದಲಿಸಬೇಕು. ಹೆಸರಿನಲ್ಲಿ ಹತ್ತಿರವಿರುವ ಡಾಟ್ 5.1 ಮತ್ತೆ ಗ್ಲೈಕಾಲ್ ಜಾತಿಯದು. ಕೊಳ್ಳುವವರನ್ನು ದಾರಿ ತಪ್ಪಿಸಲೆಂದೇ ಇಟ್ಟಂತಿದೆ ಈ ಸಂಖ್ಯೆ. ಸಿಟ್ರೊಯೆನ್ ಡಿಎಸ್ ಕಾರಿನ ನಂತರದ ಮಾದರಿಗಳಂಥ ಅಪವಾದಗಳಿಗೆ ಹಸಿರು ಬಣ್ಣದ ಖನಿಜ ತೈಲವೇ ಬೇಕು. ಉಳಿದ ಯಾವ ಗಾಡಿಗೂ ಖನಿಜ ತೈಲ ವಿಷ: ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಡೀಸೆಲ್ ಒಂದು ಚಮಚೆ ಬಿದ್ದರೂ ರಬ್ಬರ್ ಕಪ್ಪುಗಳು ಊದಿಕೊಂಡು ಸಿಲಿಂಡರಿನೊಳಗೆ ಸಿಕ್ಕಿಕೊಳ್ಳುತ್ತವೆ. ಅಂಥ ಗಾಡಿಯಲ್ಲಿ ಪ್ರತಿ ಕಪ್ಪು, ಪ್ರತಿ ಹೋಸು ಬದಲಾಗಬೇಕು. ಮುಚ್ಚಳ ತೆಗೆದು ಬಹುಕಾಲ ಇಟ್ಟಿದ್ದ ಅರ್ಧ ಬಾಟಲಿಯ ದ್ರವವನ್ನೂ ಹಾಕಬಾರದು.

ದುರಸ್ತಿ

ಪ್ಯಾಡಿನ ದಪ್ಪ 3 ಮಿ.ಮೀ. ಹತ್ತಿರ ಬಂದಿದ್ದು, ಎಲ್ಲಿಯೂ ಒದ್ದೆಯಿಲ್ಲದಿದ್ದರೆ ಪ್ಯಾಡು ಬದಲಿಸಿದರಾಯಿತು. ಮಟ್ಟ ತಾನಾಗಿ ಮೇಲೇರುತ್ತದೆ. ಒದ್ದೆ ಕಂಡಿದ್ದರೆ ಕೆಲಸ ಬೇರೆ.

ವೀಲ್ ಸಿಲಿಂಡರಿನ ಒಳಮೈ ನುಣುಪಾಗಿದ್ದರೆ ರಬ್ಬರ್ ಕಿಟ್ ಹಾಕಿ ಮತ್ತೆ ಬಳಸಬಹುದು. ಉಗುರಿಗೆ ಸಿಗುವ ಗುಳಿಗಳಿದ್ದರೆ ಹೊಸ ಕಪ್ಪೂ ಕೆಲವೇ ದಿನಗಳಲ್ಲಿ ಹರಿಯುತ್ತದೆ. ಪೂರ್ತಿ ಸಿಲಿಂಡರ್ ಬದಲಿಸುವುದು ಲೇಸು. ಸಾಧ್ಯವಾದರೆ ಒಂದೇ ಆಕ್ಸಲ್ಲಿನ ಎರಡೂ ಕಡೆ ಬದಲಿಸಬೇಕು, ಏಕೆಂದರೆ ಒಂದೇ ವಯಸ್ಸಿನ ರಬ್ಬರು ಒಂದೇ ಕಾಲಕ್ಕೆ ಕೆಡುತ್ತದೆ. ದ್ರವ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವ ಪದ್ಧತಿಯೊಂದಿದೆ. ಅದು ಉಳಿತಾಯವಲ್ಲ. ಆ ಗಾಲಿ ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಶೂಗಳನ್ನೂ ಎರಡೂ ಬದಿಗೆ ಜೊತೆಯಾಗಿ ಬದಲಿಸಬೇಕು.

ಹಳೆಯ ಗಾಡಿಗಳ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲು ಬಹುಕಾಲದಿಂದ ಆಸರೆ. ಅಲ್ಲೂ ಸಿಗದ ಮಾದರಿಗೆ ಲೇತ್ ಶಾಪಿನವರು ಹಳೆಯ ಸಿಲಿಂಡರಿನ ಒಳಮೈ ಕೊರೆದು ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಕೂರಿಸಿಕೊಡುತ್ತಾರೆ. ನುರಿತ ಕೈಯಲ್ಲಾದರೆ ಇದು ಮೂಲ ಭಾಗಕ್ಕಿಂತ ಹೆಚ್ಚು ಬಾಳುತ್ತದೆ, ತುಕ್ಕಿನ ಗೊಡವೆ ಇಲ್ಲವಲ್ಲ. ಗುಜರಿಯಿಂದ ತಂದ ಹಳೆಯ ಹೋಸು ಮಾತ್ರ ಎಂದೂ ಬೇಡ. ಅಂಗಡಿಯ ಹೊಸ ಹೋಸಿನ ಮೇಲೂ ತಯಾರಾದ ದಿನಾಂಕ ನೋಡಿ ಕೊಳ್ಳಬೇಕು.

ತುಕ್ಕು ಹಿಡಿದ ಪೈಪನ್ನು ಒಂದು ಜೋಡಣೆಯಿಂದ ಮುಂದಿನ ಜೋಡಣೆಯವರೆಗೆ ಪೂರ್ತಿ ಬದಲಿಸಬೇಕು. ಸೋರುವಲ್ಲಿ ಕತ್ತರಿಸಿ ಗ್ಯಾಸ್ ಪೈಪಿನ ಜಾಯಿಂಟ್ ಹಾಕುವುದು, ಬೆಸುಗೆ ಹಚ್ಚುವುದು, ಟೇಪು ಸುತ್ತುವುದು, ಹಿಂದಿನ ಗಾಲಿಯ ಪೈಪನ್ನು ಬಡಿದು ಮಡಚಿ ಮೂರೇ ಗಾಲಿಯ ಬ್ರೇಕಿನಲ್ಲಿ ಓಡಿಸುವುದು, ಇವೆಲ್ಲ ನಮ್ಮ ರಸ್ತೆಬದಿಯಲ್ಲಿ ನಡೆಯುತ್ತವೆ, ಒಂದೂ ದುರಸ್ತಿಯಲ್ಲ. ತುದಿಯನ್ನು ಫ್ಲೇರ್ ಮಾಡುವಾಗ ಮೂಲ ಆಕಾರವನ್ನೇ ಅನುಸರಿಸಬೇಕು: ಇಮ್ಮಡಿ ಮಡಿಕೆಯ ಫ್ಲೇರ್ ಇದ್ದ ಜಾಗಕ್ಕೆ ಗುಂಡು ತುದಿಯದು ಕೂರುವುದಿಲ್ಲ, ಕೂತಂತೆ ಕಂಡರೂ ಜಿನುಗುತ್ತದೆ. ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ತುಕ್ಕು ಹಿಡಿಯದು, ಬಾಗಿಸಲೂ ಸುಲಭ. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರನ್ನು ಬಿಚ್ಚಿದಾಗಲೆಲ್ಲ ಹೊಸತು ಹಾಕಬೇಕು.

ಮಾಸ್ಟರ್ ಸಿಲಿಂಡರ್ ಬದಲಿಸಿದರೆ ಗಾಡಿಗೆ ಕೂರಿಸುವ ಮುನ್ನ ವೈಸಿನಲ್ಲಿ ಹಿಡಿದು ದ್ರವ ತುಂಬಿ ಗಾಳಿ ತೆಗೆಯುವುದು ಒಳ್ಳೆಯದು. ಕೂರಿಸಿದ ಮೇಲೆ ಪುಶ್‌ರಾಡಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿ.ಮೀ.ಯಷ್ಟಾದರೂ ಸಡಿಲ ಇರಬೇಕು. ಇಲ್ಲದಿದ್ದರೆ ಒಳಗಿನ, ದ್ರವ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ಕಾದು ಹಿಗ್ಗಿದ ದ್ರವ ಡಬ್ಬಿಗೆ ಮರಳಲಾಗದೆ ನಾಲ್ಕೂ ಬ್ರೇಕು ತಾವಾಗಿ ಹಿಡಿದುಕೊಳ್ಳುತ್ತವೆ.

ಗಾಳಿ ತೆಗೆಯುವುದು

ವ್ಯವಸ್ಥೆ ಎಲ್ಲಿ ಬಿಚ್ಚಿದರೂ ಗಾಳಿ ಸೇರುತ್ತದೆ. ಅದನ್ನು ಹೊರಹಾಕಲು ಪ್ರತಿ ಗಾಲಿಗೂ ಬ್ಲೀಡರ್ ನಿಪ್ಪಲ್ ಇದೆ. ಹಳೆಯ ಗಾಡಿಯಲ್ಲಿ ಮೊದಲ ಅಡ್ಡಿ ಈ ನಿಪ್ಪಲ್ಲೇ: ತುಕ್ಕು ಹಿಡಿದು ಕೂತಿರುತ್ತದೆ, ಒತ್ತಾಯ ಮಾಡಿದರೆ ತಲೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಆರು ಮೂಲೆಯ ರಿಂಗ್ ಸ್ಪ್ಯಾನರಿನಿಂದ ಮೊದಲು ಕೂದಲೆಳೆಯಷ್ಟು ಬಿಗಿಯುವತ್ತ, ಆಮೇಲೆ ಬಿಚ್ಚುವತ್ತ ತಿರುಗಿಸಬೇಕು.

ಕೈಪಿಡಿ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭ. ನಮ್ಮ ಬಲಗೈ ಚಾಲನೆಯ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡಗಾಲಿ. ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಅದರ ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಒಬ್ಬರು ಪೆಡಲಿನಲ್ಲಿ, ಒಬ್ಬರು ಗಾಲಿಯಲ್ಲಿ. ಕೆಳಗಿನಿಂದ ‘ಒತ್ತು’ ಎಂದಾಗ ತುಳಿಯಬೇಕು, ‘ಹಿಡಿ’ ಎಂದಾಗ ಹಾಗೇ ಹಿಡಿಯಬೇಕು, ನಿಪ್ಪಲ್ ತೆರೆದು ಮತ್ತೆ ಬಿಗಿದಾದ ಮೇಲೆಯೇ ‘ಬಿಡು’. ಈ ಕ್ರಮ ತಪ್ಪಿ ನಿಪ್ಪಲ್ ತೆರೆದಿರುವಾಗ ಕಾಲೆತ್ತಿದರೆ ಹೊರಹಾಕಿದ ಗಾಳಿ ಮರಳಿ ಒಳಗೆ ಸೇರುತ್ತದೆ. ಗುಳ್ಳೆ ನಿಂತು, ಕಂದು ದ್ರವ ಹೋಗಿ ತಿಳಿಯಾದದ್ದು ಬರುವವರೆಗೆ ಮುಂದುವರಿಸಿ ಮುಂದಿನ ಗಾಲಿಗೆ ಹೋಗಬೇಕು. ಮಧ್ಯೆ ಡಬ್ಬಿ ಬರಿದಾದರೆ ಎಲ್ಲವೂ ಮೊದಲಿನಿಂದ.

ಹಳೆಯ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡಿರುವ ಗಾಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ದಿನನಿತ್ಯದ ಓಟದಲ್ಲಿ ಪಿಸ್ಟನ್ ಸಿಲಿಂಡರಿನ ಅರ್ಧ ಭಾಗದಲ್ಲಷ್ಟೇ ಓಡಾಡುತ್ತದೆ; ಉಳಿದರ್ಧದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಬ್ಲೀಡ್ ಮಾಡುವಾಗ ಪೆಡಲನ್ನು ನೆಲಕ್ಕೆ ತುಳಿದರೆ ಕಪ್ಪುಗಳು ಆ ಒರಟು ಜಾಗಕ್ಕೆ ಹೋಗಿ ಹರಿಯುತ್ತವೆ. ‘ಆಯಿಲ್ ಬದಲಿಸಿದ ಮೇಲೆ ಬ್ರೇಕ್ ಕೆಟ್ಟಿತು’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟರೆ ಸಾಕು. ಹಿಂಭಾಗದ ಭಾರ ನೋಡಿ ಒತ್ತಡ ಹೊಂದಿಸುವ ವಾಲ್ವ್ ಇರುವ ವ್ಯಾನುಗಳಲ್ಲಿ ಗಾಲಿಗಳು ನೆಲದ ಮೇಲಿರುವಾಗಲೇ ಈ ಕೆಲಸ ಮಾಡಬೇಕು, ಆಕ್ಸಲ್ ಜೋತಾಡುತ್ತಿದ್ದರೆ ವಾಲ್ವ್ ಮುಚ್ಚಿಕೊಂಡಿರುತ್ತದೆ. ಎಬಿಎಸ್ ಇರುವ ಕಾರಿನ ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಸ್ಕ್ಯಾನರ್ ಜೋಡಿಸಿ ವಾಲ್ವುಗಳನ್ನು ಆಡಿಸಬೇಕಾಗಬಹುದು. ಅದು ಮನೆಯಂಗಳದ ಕೆಲಸವಲ್ಲ.

ಬ್ರೇಕ್ ದ್ರವ ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು, ಹೊಟ್ಟೆಗೆ ಹೋದರೆ ವಿಷ. ಪೇಂಟಿನ ಮೇಲೆ ಚೆಲ್ಲಿದರೆ ಉಜ್ಜದೆ ಧಾರಾಳ ನೀರು ಸುರಿಯಬೇಕು. ತೆಗೆದ ಹಳೆಯ ದ್ರವವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡುವುದಾಗಲಿ ಚರಂಡಿಗೆ ಚೆಲ್ಲುವುದಾಗಲಿ ಕೂಡದು.

ಕೆಲಸ ಮುಗಿದ ಮೇಲೆ ಇಂಜಿನ್ ಆರಿಸಿ, ಪೆಡಲನ್ನು ನಾಲ್ಕೈದು ಸಲ ತುಳಿದು ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ, ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದಾಗ ಪೆಡಲ್ ಕದಲಬಾರದು. ಹಾಗೆಯೇ ಒತ್ತಿಕೊಂಡು ಸ್ಟಾರ್ಟ್ ಮಾಡಿದರೆ ಸ್ವಲ್ಪ ಕೆಳಗಿಳಿಯಬೇಕು; ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಇನ್ನೊಬ್ಬರು ಪೆಡಲ್ ಒತ್ತಿ ಹಿಡಿದಿರುವಾಗಲೇ ಬಿಚ್ಚಿದ ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಬೇಕು. ನಂತರ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆಗೆ. ಡಬ್ಬಿಯ ಮೇಲೆ ಮಟ್ಟದ ಗೆರೆಯನ್ನು ಪೆನ್ನಿನಲ್ಲಿ ಗುರುತು ಮಾಡಿ ಮರುದಿನ, ಮತ್ತೆ ವಾರದ ಬಳಿಕ ಹೋಲಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ತಪಾಸಣೆಯ ಬಳಿಕ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಬ್ರೇಕುಗಳಿಗೆ ಅನ್ವಯಿಸುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮ. ತಪಾಸಣೆಯ ದಿನ ಗಾಡಿ ನಿಂತು ತೋರಿಸಿದರೂ ಜಿನುಗುವ ಕಪ್ಪು ಅಲ್ಲಿ ಸಿಕ್ಕಿಬೀಳಬೇಕೆಂದಿಲ್ಲ. ಅದನ್ನು ಹಿಡಿದುಕೊಡುವುದು ಮಾಲೀಕ ಡಬ್ಬಿಯ ಮೇಲೆ ಎಳೆದ ಆ ಪೆನ್ನಿನ ಗೆರೆಯೇ.